ಪುಸ್ತಕ ಮುಚ್ಚಿದ ಮೇಲೆ ಶುರುವಾಗುವ ಓದು

ಕರ್ನಾಟಕದಲ್ಲಿ ವರ್ಷಕ್ಕೆ ಸುಮಾರು 7 ಲಕ್ಷ ಮಕ್ಕಳು ದ್ವಿತೀಯ ಪಿಯು ಪರೀಕ್ಷೆ ಬರೆಯುತ್ತಾರೆ. ಅವರಲ್ಲಿ ವಿಜ್ಞಾನ ವಿಭಾಗದವರಿಗೆ ಒಂದು ಪರೀಕ್ಷೆ ಬರೆದು ಮುಗಿಸಿದೆವು ಎನ್ನುವ ನಿರಾಳವಿಲ್ಲ. ಜನವರಿಯಲ್ಲಿ ಜೆಇಇ ಮೇನ್‌ನ ಮೊದಲ ಸುತ್ತು, ಮಾರ್ಚ್‌ನಲ್ಲಿ ಬೋರ್ಡ್ ಪರೀಕ್ಷೆ, ಏಪ್ರಿಲ್‌ನಲ್ಲಿ ಜೆಇಇಯ ಎರಡನೇ ಸುತ್ತು ಮತ್ತು ಸಿಇಟಿ, ಮೇ ತಿಂಗಳಲ್ಲಿ ನೀಟ್. ಹದಿನೇಳು ತುಂಬಿದ ಹುಡುಗ ಹುಡುಗಿಯರು ಅರ್ಧ ವರ್ಷ ಪರೀಕ್ಷೆಯಿಂದ ಪರೀಕ್ಷೆಗೆ ಓಡುತ್ತಲೇ ಇರುತ್ತಾರೆ.

ಈ ಓಟದ ಬಗ್ಗೆ ಮನೆಗಳಲ್ಲಿ ಮಾತು ಬೇಕಾದಷ್ಟು ನಡೆಯುತ್ತದೆ. ಯಾವ ಕಾಲೇಜು, ಎಷ್ಟು ಶುಲ್ಕ, ಹಾಸ್ಟೆಲೋ ಮನೆಯೋ, ಪಿಸಿಎಂಬಿಯೋ ಪಿಸಿಎಂಸಿಯೋ, ಕಳೆದ ವರ್ಷ ಎಷ್ಟನೇ ರ‍್ಯಾಂಕಿಗೆ ಯಾವ ಸೀಟು ಸಿಕ್ಕಿತು ಎಂಬುದೆಲ್ಲ ಚರ್ಚೆಯಾಗುತ್ತದೆ. ಚರ್ಚೆಯಾಗದೆ ಉಳಿಯುವುದು ಒಂದೇ ಸಂಗತಿ: ಮಗು ಮೇಜಿನ ಮುಂದೆ ಕೂತ ಮೇಲೆ ಏನು ಮಾಡಬೇಕು? ‘ಓದು’ ಎಂದು ಎಲ್ಲರೂ ಹೇಳುತ್ತಾರೆ, ಹೇಗೆ ಓದಬೇಕು ಎಂದು ಹೇಳಿಕೊಡುವವರು ವಿರಳ. ವಿಜ್ಞಾನ ಮತ್ತು ಗಣಿತದ ಪರೀಕ್ಷಾ ಸಿದ್ಧತೆಯ ಇಡೀ ಪ್ರಶ್ನೆಯನ್ನು ಈ ಕೊರತೆಯ ಕಡೆಯಿಂದ ನೋಡುವುದು ಈ ಲೇಖನದ ಉದ್ದೇಶ.

ಪರೀಕ್ಷೆ ಹಲವು, ಪಠ್ಯ ಒಂದೇ

ಬೋರ್ಡ್ ಪರೀಕ್ಷೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಿಗೆ ತಲಾ 70 ಅಂಕದ ಲಿಖಿತ ಪರೀಕ್ಷೆ ಮತ್ತು 30 ಅಂಕದ ಪ್ರಾಯೋಗಿಕ ಪರೀಕ್ಷೆ ಇದೆ. ಗಣಿತದಲ್ಲಿ 80 ಅಂಕ ಲಿಖಿತ, 20 ಅಂಕ ಆಂತರಿಕ ಮೌಲ್ಯಮಾಪನ. ಪ್ರಶ್ನೆಪತ್ರಿಕೆಯಲ್ಲಿ ಬಹು ಆಯ್ಕೆ ಮತ್ತು ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಿಂದ ಹಿಡಿದು ದೀರ್ಘ ಉತ್ತರಗಳವರೆಗೆ ಎಲ್ಲ ಬಗೆಯೂ ಇರುತ್ತವೆ. ಉತ್ತರ ಸರಿ ಬಂದರೆ ಸಾಲದು, ಅಲ್ಲಿಗೆ ತಲುಪಿದ ದಾರಿಯೂ ಕಾಣಬೇಕು. ಮೌಲ್ಯಮಾಪಕರು ಅಂಕ ಹಾಕುವುದು ಹಂತಕ್ಕೆ: ಚಿತ್ರಕ್ಕೆ ಇಷ್ಟು, ಸೂತ್ರಕ್ಕೆ ಇಷ್ಟು, ಬೆಲೆಗಳನ್ನು ಹಾಕಿದ್ದಕ್ಕೆ ಇಷ್ಟು, ಏಕಮಾನದೊಂದಿಗೆ ಉತ್ತರ ಬರೆದದ್ದಕ್ಕೆ ಇಷ್ಟು.

ಸಿಇಟಿಯ ಲೆಕ್ಕ ಬೇರೆ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡ್. ತಪ್ಪಿಗೆ ಅಂಕ ಕಳೆಯುವುದಿಲ್ಲ. ನೀಟ್‌ನಲ್ಲಿ 180 ಪ್ರಶ್ನೆಗೆ 180 ನಿಮಿಷ, ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಜೆಇಇ ಮೇನ್‌ನಲ್ಲಿ ಮೂರು ಗಂಟೆಗೆ 75 ಪ್ರಶ್ನೆ. ಅಲ್ಲಿ ಒಂದೊಂದು ಪ್ರಶ್ನೆಗೂ ಎರಡು ನಿಮಿಷಕ್ಕಿಂತ ಹೆಚ್ಚು ಸಮಯ ಸಿಗುತ್ತದೆ, ಆದರೆ ಒಂದೇ ಪ್ರಶ್ನೆಯೊಳಗೆ ಎರಡು ಮೂರು ಅಧ್ಯಾಯಗಳು ಬೆಸೆದುಕೊಂಡಿರುತ್ತವೆ.

ಇಷ್ಟು ಭಿನ್ನವಾದ ಪರೀಕ್ಷೆಗಳನ್ನು ಕಂಡ ವಿದ್ಯಾರ್ಥಿ ಬೋರ್ಡ್‌ಗೆ ಒಂದು ಓದು, ಪ್ರವೇಶ ಪರೀಕ್ಷೆಗೆ ಇನ್ನೊಂದು ಓದು ಎಂದು ವಿಭಾಗ ಮಾಡಿಕೊಳ್ಳುತ್ತಾನೆ. ಅನೇಕರು ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸುವುದೂ ಉಂಟು. ಇದು ತಪ್ಪು ಲೆಕ್ಕಾಚಾರ. ಎಂಜಿನಿಯರಿಂಗ್ ಸೀಟಿಗೆ ಸಿಇಟಿ ರ‍್ಯಾಂಕ್ ನಿರ್ಧಾರವಾಗುವಾಗ ಅರ್ಧ ತೂಕ ಸಿಇಟಿ ಅಂಕಕ್ಕೆ, ಉಳಿದರ್ಧ ಪಿಯು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ. ಐಐಟಿ, ಎನ್‌ಐಟಿಗಳ ಬಾಗಿಲಿಗೂ ಹನ್ನೆರಡನೇ ತರಗತಿಯಲ್ಲಿ ಸಾಮಾನ್ಯ ವರ್ಗದವರು 75 ಶೇಕಡಾ ಪಡೆದಿರಬೇಕು, ಇಲ್ಲವೇ ತಮ್ಮ ಬೋರ್ಡ್‌ನ ಮೇಲಿನ 20 ಪರ್ಸೆಂಟೈಲ್‌ನಲ್ಲಿರಬೇಕು ಎಂಬ ಷರತ್ತಿದೆ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. 2012-13ರಲ್ಲಿ ಪ್ರಥಮ ಪಿಯುಗೆ, ಮರುವರ್ಷ ದ್ವಿತೀಯ ಪಿಯುಗೆ ರಾಜ್ಯವು ವಿಜ್ಞಾನ ವಿಷಯಗಳಲ್ಲಿ ಎನ್‌ಸಿಇಆರ್‌ಟಿ ಪಠ್ಯವನ್ನು ಅಳವಡಿಸಿಕೊಂಡಿತು. ಅಂದಿನಿಂದ ಈ ಪರೀಕ್ಷೆಗಳೆಲ್ಲದರ ಬುಡದಲ್ಲಿರುವುದು ಬಹುಮಟ್ಟಿಗೆ ಅದೇ ಪುಸ್ತಕಗಳು. ಗಟ್ಟಿಯಾಗಿ ಕಲಿತ ಅಧ್ಯಾಯ ನಾಲ್ಕೂ ಕಡೆ ನೆರವಿಗೆ ಬರುತ್ತದೆ. ಬೇರೆಯಾಗಬೇಕಾದದ್ದು ಕೊನೆಯ ಹಂತದ ತಾಲೀಮು ಮಾತ್ರ: ಬೋರ್ಡ್‌ಗೆ ಪೂರ್ಣ ಉತ್ತರ ಬರೆಯುವುದು, ಉಳಿದವಕ್ಕೆ ಗಡಿಯಾರ ಇಟ್ಟುಕೊಂಡು ಬಿಡಿಸುವುದು.

ಹತ್ತರಿಂದ ಹನ್ನೊಂದಕ್ಕೆ ಬೀಳುವ ಕಂದಕ

ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ವಿಜ್ಞಾನಗಳಲ್ಲಿ ತೊಂಬತ್ತರ ಮೇಲೆ ಅಂಕ ತೆಗೆದವರು ಪ್ರಥಮ ಪಿಯುವಿನ ಮೊದಲ ಕಿರುಪರೀಕ್ಷೆಯಲ್ಲಿ ಮುಗ್ಗರಿಸುವುದು ಪ್ರತಿ ಕಾಲೇಜಿನ ಅಧ್ಯಾಪಕರಿಗೂ ಗೊತ್ತಿರುವ ವಿಷಯ. ‘ಮಗು ಉದಾಸೀನ ಮಾಡಿತು’ ಎಂದು ಮನೆಯವರು ತೀರ್ಮಾನಿಸುತ್ತಾರೆ. ಕಾರಣ ಬಹುತೇಕ ಪಠ್ಯದ ಜೋಡಣೆಯಲ್ಲೇ ಇದೆ. ಭೌತಶಾಸ್ತ್ರದ ಎರಡನೇ, ಮೂರನೇ ಅಧ್ಯಾಯಗಳಲ್ಲೇ ಚಲನೆಯನ್ನು ವಿವರಿಸಲು ಅವಕಲನ ಬೇಕಾಗುತ್ತದೆ, ಸದಿಶಗಳು ಬೇಕಾಗುತ್ತವೆ. ಗಣಿತದಲ್ಲಿ ಮಿತಿ ಮತ್ತು ಅವಕಲನದ ಪಾಠ ಬರುವುದು ಅದೇ ವರ್ಷದ ಕೊನೆಯ ಭಾಗದಲ್ಲಿ. ಸದಿಶಗಳ ಅಧ್ಯಾಯವಂತೂ ದ್ವಿತೀಯ ಪಿಯು ಪುಸ್ತಕದಲ್ಲಿದೆ. ಗಣಿತದ ಮೇಷ್ಟ್ರು ಇನ್ನೂ ಹೇಳಿಕೊಡದ ಸಾಧನವನ್ನು ಭೌತಶಾಸ್ತ್ರದ ಮೇಷ್ಟ್ರು ಬಳಸಬೇಕಾದ ಸ್ಥಿತಿ ಇದು. ಜೂನ್‌ನಲ್ಲಿ ಎರಡು ವಾರ ಮೀಸಲಿಟ್ಟು ಬೀಜಗಣಿತ, ತ್ರಿಕೋನಮಿತಿ, ಸದಿಶ, ಅವಕಲನದ ಮೂಲ ಪರಿಚಯ ಮಾಡಿಸಿದ ಕಾಲೇಜುಗಳಲ್ಲಿ ಮಕ್ಕಳು ಮುಂದಿನ ತಿಂಗಳುಗಳನ್ನು ಧೈರ್ಯವಾಗಿ ಎದುರಿಸುತ್ತಾರೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಈ ಕಂದಕ ಇನ್ನೂ ಆಳ. ವೇಗೋತ್ಕರ್ಷ, ವಿದ್ಯುತ್ ರೋಧ, ದ್ಯುತಿಸಂಶ್ಲೇಷಣೆ ಎಂದರೆ ಏನೆಂದು ಅವರಿಗೆ ಚೆನ್ನಾಗಿಯೇ ಗೊತ್ತು. ಪಿಯು ತರಗತಿಯಲ್ಲಿ ಆ ತಿಳಿವಳಿಕೆಗೆ ಹೊಸ ಹೆಸರುಗಳು ಬಂದಾಗ ತಮಗೆ ವಿಷಯವೇ ಗೊತ್ತಿಲ್ಲ ಎಂದು ಭಾವಿಸಿ ಹಿಂದಿನ ಬೆಂಚಿಗೆ ಸರಿಯುತ್ತಾರೆ. ಪ್ರತಿ ಅಧ್ಯಾಯದ ಆರಂಭದಲ್ಲಿ ಹತ್ತು ಹದಿನೈದು ಪದಗಳ ಜೋಡಿಪಟ್ಟಿ ಕೊಟ್ಟು, ಮೊದಲ ವಿವರಣೆಯನ್ನು ಕನ್ನಡದಲ್ಲೇ ಮಾಡಿದರೆ ಈ ಅಡ್ಡಿಯ ಬಹುಭಾಗ ಕರಗುತ್ತದೆ. ನೀಟ್ ಅನ್ನು ಕನ್ನಡದಲ್ಲೂ ಬರೆಯಬಹುದು. 2021ರಿಂದ ಜೆಇಇ ಮೇನ್ ಕೂಡ ಕನ್ನಡದಲ್ಲಿ ಲಭ್ಯವಿದೆ. ಆದರೆ ಪ್ರಶ್ನೆಪತ್ರಿಕೆ ಕನ್ನಡದಲ್ಲಿದ್ದ ಮಾತ್ರಕ್ಕೆ ಆಗುವುದಿಲ್ಲ. ಆ ಮಟ್ಟದ ಪಾಠ, ಅಭ್ಯಾಸಪುಸ್ತಕ, ಬಿಡಿಸಿದ ಲೆಕ್ಕಗಳು ಕನ್ನಡದಲ್ಲಿ ಸಿಗುವವರೆಗೆ ಆ ಅವಕಾಶ ಕಾಗದದ ಮೇಲೆಯೇ ಇರುತ್ತದೆ.

ಸಂಶೋಧನೆ ಹೇಳುವ ಮಾತು

ಮನುಷ್ಯ ಹೇಗೆ ಮರೆಯುತ್ತಾನೆ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ. ಕಲಿತದ್ದರ ದೊಡ್ಡ ಪಾಲು ಮೊದಲ ಕೆಲವು ಗಂಟೆಗಳಲ್ಲೇ ಹೋಗುತ್ತದೆ, ಆಮೇಲೆ ಮರೆವಿನ ವೇಗ ತಗ್ಗುತ್ತದೆ ಎಂದು ಅವನು ತೋರಿಸಿದ. ಅಲ್ಲಿಂದ ಈಚೆಗೆ ಕಲಿಕೆಯ ಬಗ್ಗೆ ನಡೆದ ಅಧ್ಯಯನಗಳು ಕೆಲವು ಸ್ಪಷ್ಟ ಮಾತುಗಳಿಗೆ ಬಂದು ನಿಂತಿವೆ.

ಮೊದಲನೆಯದು ನೆನಪಿನಿಂದ ಹೊರತೆಗೆಯುವ ಅಭ್ಯಾಸ. ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ವಿದ್ಯಾರ್ಥಿಗಳ ಒಂದು ಗುಂಪಿಗೆ ಗದ್ಯಭಾಗವನ್ನು ಎರಡು ಸಲ ಓದಿಸಿದರು. ಇನ್ನೊಂದು ಗುಂಪು ಒಂದು ಸಲ ಓದಿ, ನಂತರ ಅದನ್ನು ನೋಡದೆ ನೆನಪಿದ್ದಷ್ಟು ಬರೆಯಿತು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ನೋಡಿದಾಗ ಲೆಕ್ಕ ತಿರುಗಿತ್ತು: ಮರು ಓದಿದವರಿಗೆ ನೆನಪಿದ್ದದ್ದು 42 ಶೇಕಡಾ, ನೆನಪಿನಿಂದ ಬರೆದವರಿಗೆ 56 ಶೇಕಡಾ. ಪರೀಕ್ಷೆಯ ಹಿಂದಿನ ರಾತ್ರಿ ಪುಟ ತಿರುವಿ ಹಾಕಿದವರಿಗೆ ಎಲ್ಲವೂ ಗೊತ್ತಿದೆ ಎನ್ನಿಸುವುದಕ್ಕೂ, ಎರಡು ತಿಂಗಳ ಬಳಿಕ ಸಿಇಟಿಯಲ್ಲಿ ಅದೇ ಪಾಠ ಅಪರಿಚಿತವಾಗಿ ಕಾಣುವುದಕ್ಕೂ ಇಲ್ಲಿ ವಿವರಣೆ ಸಿಗುತ್ತದೆ.

ಎರಡನೆಯದು ಅಂತರ. ಒಂದೇ ದಿನ ಐದು ಗಂಟೆ ಕೂತು ಮುಗಿಸಿದ ಅಧ್ಯಾಯಕ್ಕಿಂತ, ಇವತ್ತು, ಮೂರು ದಿನ ಬಿಟ್ಟು, ಎರಡು ವಾರ ಬಿಟ್ಟು, ತಿಂಗಳು ಬಿಟ್ಟು ಮತ್ತೆ ಮತ್ತೆ ಮುಟ್ಟಿದ ಅಧ್ಯಾಯ ಉಳಿಯುತ್ತದೆ. ಜಾನ್ ಡನ್‌ಲೋಸ್ಕಿ ಮತ್ತು ಸಂಗಡಿಗರು 2013ರಲ್ಲಿ ಹತ್ತು ಬಗೆಯ ಅಧ್ಯಯನ ವಿಧಾನಗಳನ್ನು ಒರೆಗೆ ಹಚ್ಚಿದರು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಅಂತರ ಬಿಟ್ಟು ಅಭ್ಯಾಸ ಮಾಡುವುದು, ಈ ಎರಡಕ್ಕೆ ಮಾತ್ರ ಹೆಚ್ಚಿನ ಉಪಯುಕ್ತತೆಯ ಸ್ಥಾನ ಸಿಕ್ಕಿತು. ಸಾಲಿನ ಕೆಳಗೆ ಗೀಟು ಎಳೆಯುವುದು, ಬಣ್ಣ ಹಚ್ಚುವುದು, ಮತ್ತೆ ಮತ್ತೆ ಓದುವುದು ಕೆಳಗಿನ ಸ್ಥಾನದಲ್ಲಿದ್ದವು. ನಮ್ಮ ಮಕ್ಕಳು ಹೆಚ್ಚು ಹೊತ್ತು ಕಳೆಯುವುದು ಈ ಕೆಳಗಿನ ಸ್ಥಾನದ ಕೆಲಸಗಳಲ್ಲೇ.

ಮೂರನೆಯದು ಗಣಿತಕ್ಕೆ ನೇರವಾಗಿ ಸಂಬಂಧಪಟ್ಟದ್ದು. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯಲು ಕಲಿತರು. ಒಂದು ಗುಂಪು ಒಂದೊಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಬಿಡಿಸಿತು, ಇನ್ನೊಂದು ಗುಂಪು ನಾಲ್ಕನ್ನೂ ಬೆರೆಸಿ ಬಿಡಿಸಿತು. ಅಭ್ಯಾಸದ ವೇಳೆ ಮೊದಲ ಗುಂಪಿಗೆ 89 ಶೇಕಡಾ ಸರಿ ಬಂತು, ಬೆರೆಸಿದವರಿಗೆ 60. ವಾರದ ನಂತರದ ಪರೀಕ್ಷೆಯಲ್ಲಿ ಮೊದಲ ಗುಂಪು 20ಕ್ಕೆ ಕುಸಿಯಿತು, ಬೆರೆಸಿ ಕಲಿತವರು 63ರಲ್ಲಿ ಉಳಿದರು. ಅಭ್ಯಾಸದಲ್ಲಿ ಸಲೀಸಾಗಿ ಬರುವುದನ್ನೇ ಕಲಿಕೆ ಎಂದು ನಂಬಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ವಿಷಯಕ್ಕೆ ತಕ್ಕ ದಾರಿ

ಈ ತತ್ವಗಳು ಒಂದೊಂದು ವಿಷಯದಲ್ಲಿ ಒಂದೊಂದು ರೂಪ ಪಡೆಯುತ್ತವೆ. ದ್ವಿತೀಯ ಪಿಯು ಗಣಿತದ ಅನುಕಲನದ ಅಧ್ಯಾಯವನ್ನೇ ನೋಡಿ. ಪುಸ್ತಕದಲ್ಲಿ ಆದೇಶ ವಿಧಾನಕ್ಕೆ ಒಂದು ಅಭ್ಯಾಸ, ಆಂಶಿಕ ಭಿನ್ನರಾಶಿಗೆ ಒಂದು, ಭಾಗಶಃ ಅನುಕಲನಕ್ಕೆ ಇನ್ನೊಂದು. ಆ ಅಭ್ಯಾಸ ಬಿಡಿಸುವಾಗ ಯಾವ ವಿಧಾನ ಎಂದು ಯೋಚಿಸಬೇಕಾಗಿಯೇ ಇಲ್ಲ, ತಲೆಬರಹವೇ ಹೇಳಿಬಿಟ್ಟಿರುತ್ತದೆ. ಪರೀಕ್ಷೆಯಲ್ಲಿ ತಲೆಬರಹ ಇರುವುದಿಲ್ಲ. ಅಲ್ಲಿ ಅರ್ಧ ಕಷ್ಟ ವಿಧಾನವನ್ನು ಗುರುತಿಸುವುದರಲ್ಲೇ ಇದೆ. ಅಧ್ಯಾಯದ ಕೊನೆಯಲ್ಲಿರುವ ಮಿಶ್ರ ಅಭ್ಯಾಸದಲ್ಲಿ ಎಲ್ಲ ಬಗೆಯೂ ಕಲೆತಿರುತ್ತವೆ. ಸಮಯವಿಲ್ಲ ಎಂದು ಅನೇಕ ತರಗತಿಗಳಲ್ಲಿ ಬಿಟ್ಟುಬಿಡುವುದು ಅದನ್ನೇ. ಗಣಿತದಲ್ಲಿ ಸಂಜೆಗೆ ಹತ್ತು ಲೆಕ್ಕ ಬಿಡಿಸುವವರು ಮೂರನ್ನು ಹೊಸ ಪಾಠದಿಂದಲೂ ಏಳನ್ನು ಹಳೆಯ ಅಧ್ಯಾಯಗಳಿಂದಲೂ ಆರಿಸಿಕೊಂಡರೆ ಬೆರಕೆಯೂ ಅಂತರವೂ ಒಟ್ಟಿಗೇ ಸಾಧ್ಯವಾಗುತ್ತವೆ. ತಪ್ಪಾದ ಲೆಕ್ಕಗಳಿಗೆ ಒಂದು ಪ್ರತ್ಯೇಕ ನೋಟ್‌ಬುಕ್ ಇರಲಿ. ಚಿಹ್ನೆ ತಪ್ಪಿತೋ, ಸೂತ್ರ ತಪ್ಪಿತೋ, ವಿಧಾನವೇ ತಪ್ಪಿತೋ ಎಂದು ಪಕ್ಕದಲ್ಲಿ ಬರೆದಿಟ್ಟರೆ, ಫೆಬ್ರವರಿಯಲ್ಲಿ ಯಾವುದನ್ನು ತಿರುವಿ ನೋಡಬೇಕು ಎಂದು ಆ ಪುಸ್ತಕವೇ ಹೇಳುತ್ತದೆ.

ಭೌತಶಾಸ್ತ್ರದಲ್ಲಿ ಎರಡು ಬಗೆಯ ಅಪಾಯಗಳಿವೆ. ಸೂತ್ರಗಳ ಸಾಧನೆಗಳನ್ನು (ಡಿರೈವೇಶನ್) ಬಾಯಿಪಾಠ ಮಾಡುವುದು ಒಂದು, ಸೂತ್ರಕ್ಕೆ ಬೆಲೆ ತುಂಬುವುದನ್ನೇ ತಿಳಿವಳಿಕೆ ಎಂದುಕೊಳ್ಳುವುದು ಇನ್ನೊಂದು. ಹಾರ್ವರ್ಡ್‌ನ ಭೌತಶಾಸ್ತ್ರಜ್ಞ ಎರಿಕ್ ಮಜೂರ್ 1990ರ ದಶಕದಲ್ಲಿ ತಮ್ಮ ವಿದ್ಯಾರ್ಥಿಗಳಲ್ಲೇ ಇದನ್ನು ಕಂಡರು. ಮಂಡಲದ ಸಮೀಕರಣಗಳನ್ನು ಬರೆದು ವಿದ್ಯುತ್ ಪ್ರವಾಹದ ಬೆಲೆ ತೆಗೆಯಬಲ್ಲವರೇ, ಸ್ವಿಚ್ ಒತ್ತಿದರೆ ಯಾವ ಬಲ್ಬ್ ಹೆಚ್ಚು ಬೆಳಗುತ್ತದೆ ಎಂಬ ಸರಳ ಪ್ರಶ್ನೆಗೆ ತಡವರಿಸಿದರು. ಆಮೇಲೆ ಅವರು ತರಗತಿಯಲ್ಲಿ ಪ್ರಶ್ನೆ ಕೊಟ್ಟು, ಪ್ರತಿಯೊಬ್ಬರಿಂದಲೂ ಉತ್ತರ ಪಡೆದು, ಪಕ್ಕದವರೊಂದಿಗೆ ವಾದಿಸಲು ಬಿಟ್ಟು, ಮತ್ತೆ ಉತ್ತರ ಕೇಳುವ ಕ್ರಮ ತಂದರು. ನಮ್ಮ ಕಾಲೇಜುಗಳಲ್ಲಿ ಕಿರ್ಖಾಫ್ ನಿಯಮ, ವೀಟ್‌ಸ್ಟನ್ ಸೇತುವೆಗಳ ಪಾಠ ಮಾಡುವಾಗ ಹತ್ತು ನಿಮಿಷ ಹೀಗೆ ಕೊಟ್ಟರೆ ಬೋರ್ಡ್‌ಗೂ ಪ್ರವೇಶ ಪರೀಕ್ಷೆಗೂ ಉಪಕಾರವಾಗುತ್ತದೆ. ಸಾಧನೆ ಕಲಿಯುವವರು ಮೊದಲು ಚಿತ್ರ ಬರೆಯಲಿ, ಪ್ರತಿ ಸಾಲಿಗೂ ‘ಇದು ಎಲ್ಲಿಂದ ಬಂತು’ ಎಂದು ಕೇಳಿಕೊಳ್ಳಲಿ, ಕೊನೆಗೆ ಆಯಾಮಗಳನ್ನು ತಾಳೆ ನೋಡಲಿ.

ರಸಾಯನಶಾಸ್ತ್ರ ಒಂದೇ ಹೆಸರಿನ ಮೂರು ವಿಷಯ. ದ್ರಾವಣಗಳು, ವಿದ್ಯುತ್ ರಸಾಯನ, ಕ್ರಿಯಾವೇಗದ ಅಧ್ಯಾಯಗಳನ್ನು ಗಣಿತದ ಹಾಗೆ ಲೆಕ್ಕ ಬಿಡಿಸಿಯೇ ಕಲಿಯಬೇಕು. ಡಿ ಮತ್ತು ಎಫ್ ಬ್ಲಾಕ್‌ನ ಧಾತುಗಳಿಗೆ, ಸಂಯೋಜಕ ಸಂಯುಕ್ತಗಳಿಗೆ ಹೋಲಿಕೆಯ ಕೋಷ್ಟಕ ಸಹಾಯಕ. ಸಾವಯವ ಭಾಗದಲ್ಲಿ ವಿಜ್ಞಾನಿಗಳ ಹೆಸರು ಹೊತ್ತ ಕ್ರಿಯೆಗಳ ಪಟ್ಟಿಯನ್ನು ಉರು ಹೊಡೆಯುವುದು ಸಾಮಾನ್ಯ ರೂಢಿ. ಅಲ್ಲಿಯೂ ಕಾರಣ ಹಿಡಿದರೆ ಹೊರೆ ತಗ್ಗುತ್ತದೆ. ಆಲ್ಫಾ ಹೈಡ್ರೋಜನ್ ಇರುವ ಆಲ್ಡಿಹೈಡ್ ಪ್ರತ್ಯಾಮ್ಲದ ಜೊತೆ ಆಲ್ಡಾಲ್ ದಾರಿ ಹಿಡಿಯುತ್ತದೆ. ಫಾರ್ಮಾಲ್ಡಿಹೈಡ್, ಬೆಂಜಾಲ್ಡಿಹೈಡ್‌ಗಳಲ್ಲಿ ಆ ಹೈಡ್ರೋಜನ್ ಇಲ್ಲವಾದ್ದರಿಂದ ಪ್ರಬಲ ಪ್ರತ್ಯಾಮ್ಲದಲ್ಲಿ ಅವು ಕ್ಯಾನಿಜಾರೋ ಕ್ರಿಯೆಗೆ ಒಳಗಾಗುತ್ತವೆ. ಈ ಒಂದು ಕಾರಣ ತಿಳಿದವರು ಹತ್ತು ಪ್ರಶ್ನೆಗಳಿಗೆ ಉತ್ತರಿಸಬಲ್ಲರು.

ಜೀವಶಾಸ್ತ್ರವನ್ನು ನೆನಪಿನ ವಿಷಯ ಎಂದು ಹೀಗಳೆಯುವುದುಂಟು. ನೀಟ್‌ನ 180 ಪ್ರಶ್ನೆಗಳಲ್ಲಿ 90 ಇದರದ್ದೇ. ಪಠ್ಯದ ಸಾಲುಸಾಲೂ ಅಲ್ಲಿ ಪ್ರಶ್ನೆಯಾಗುವುದರಿಂದ ನೆನಪು ಬೇಕು ನಿಜ. ಆದರೆ ಹರ್ಷಿ ಮತ್ತು ಚೇಸ್, ಮೆಸೆಲ್ಸನ್ ಮತ್ತು ಸ್ಟಾಲ್ ಮಾಡಿದ ಪ್ರಯೋಗಗಳಲ್ಲಿ ಏನನ್ನು ಗುರುತು ಮಾಡಿದರು, ಏಕೆ ಮಾಡಿದರು, ಬೇರೆ ಫಲಿತಾಂಶ ಬಂದಿದ್ದರೆ ಏನು ಅರ್ಥವಾಗುತ್ತಿತ್ತು ಎಂದು ಕೇಳಿಕೊಂಡವರಿಗೆ ವಂಶವಾಹಿಯ ಅಧ್ಯಾಯ ಸುಲಭವಾಗಿ ಉಳಿಯುತ್ತದೆ. ಹಾಳೆಯ ಮೇಲೆ ಚಿತ್ರ ಬರೆದು, ಪುಸ್ತಕ ನೋಡದೆ ಭಾಗಗಳನ್ನು ಹೆಸರಿಸುವುದು ಇಲ್ಲಿನ ಅತ್ಯುತ್ತಮ ಅಭ್ಯಾಸ.

ಊರು, ಹಣ, ಪ್ರಯೋಗಾಲಯ

ವಿಧಾನದ ಮಾತಾಡುವಾಗ ಅಸಮಾನತೆಯನ್ನು ಮರೆಯಲಾಗದು. 2025ರ ದ್ವಿತೀಯ ಪಿಯು ಪರೀಕ್ಷೆ-1ರಲ್ಲಿ ಉಡುಪಿ ಜಿಲ್ಲೆಯ ಫಲಿತಾಂಶ 93.90 ಶೇಕಡಾ, ಯಾದಗಿರಿಯದು 48.45. ಇದು ಎಲ್ಲ ವಿಭಾಗಗಳೂ ಸೇರಿದ ಲೆಕ್ಕ. ಒಂದೇ ಪಠ್ಯ, ಒಂದೇ ಪ್ರಶ್ನೆಪತ್ರಿಕೆ, ಆದರೂ ಇಷ್ಟು ದೂರ. ಯಾದಗಿರಿಯ ಮಕ್ಕಳ ತಲೆಯಲ್ಲಿ ಕೊರತೆಯಿದೆ ಎಂದು ಯಾರೂ ಹೇಳಲಾರರು. ಖಾಲಿ ಬಿದ್ದಿರುವ ಅಧ್ಯಾಪಕ ಹುದ್ದೆ, ಕಾಲೇಜಿಗೆ ಇರುವ ದೂರ, ಮನೆಯ ದುಡಿಮೆ, ಓದಿದ ಹಿರಿಯರಿಲ್ಲದ ಮನೆ ಇವುಗಳ ಮೊತ್ತ ಅದು.

ನಗರಗಳಲ್ಲಿ ಮತ್ತು ಕರಾವಳಿಯಲ್ಲಿ ಪಿಯು ಪಾಠ ಮತ್ತು ಕೋಚಿಂಗ್ ಎರಡನ್ನೂ ಒಂದೇ ಸೂರಿನಡಿ ಕೊಡುವ ಕಾಲೇಜುಗಳು ಬೆಳೆದಿವೆ. ಅವುಗಳಲ್ಲಿ ಒಳ್ಳೆಯವು ಕೊಡುವುದು ಮೂರು ಸಂಗತಿ: ವಾರಕ್ಕೊಂದು ಪರೀಕ್ಷೆ, ಮರುದಿನವೇ ತಪ್ಪುಗಳ ಚರ್ಚೆ, ಗೊತ್ತಾದ ವೇಳಾಪಟ್ಟಿ. ಸಂಶೋಧನೆ ಹೇಳುವುದೂ ಇದನ್ನೇ. ಈ ಮೂರಕ್ಕೂ ಲಕ್ಷಗಟ್ಟಲೆ ಶುಲ್ಕ ಬೇಕಿಲ್ಲ. ಹಳೆಯ ಪ್ರಶ್ನೆಪತ್ರಿಕೆ, ಕಪ್ಪುಹಲಗೆ ಮತ್ತು ಮನಸ್ಸಿಟ್ಟ ಒಬ್ಬ ಅಧ್ಯಾಪಕರಿದ್ದರೆ ಸರ್ಕಾರಿ ಕಾಲೇಜಿನಲ್ಲೂ ಆಗುತ್ತದೆ. ಐಐಟಿ ಕಾನ್ಪುರದ ‘ಸಾಥಿ’ಯಂಥ ಉಚಿತ ಪಾಠಗಳೂ ಇವೆ. ಆದರೆ ಹುದ್ದೆ ತುಂಬುವುದು ಸರ್ಕಾರದ ಕೆಲಸ, ಅದಕ್ಕೆ ಮೊಬೈಲ್ ಪಾಠ ಬದಲಿಯಾಗದು.

ಪ್ರಯೋಗಾಲಯವನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಬ್ಯುರೆಟ್‌ನಿಂದ ಪರ್ಮಾಂಗನೇಟ್ ಹನಿಹನಿಯಾಗಿ ಇಳಿದು, ಕೊನೆಯ ಒಂದು ಹನಿಗೆ ತೆಳು ಗುಲಾಬಿ ಬಣ್ಣ ನಿಂತಾಗ ಸಮತೋಲಿತ ಸಮೀಕರಣಕ್ಕೆ ಜೀವ ಬರುತ್ತದೆ. ಎಷ್ಟೋ ಕಡೆ ಪ್ರಯೋಗಗಳು ಜನವರಿಯಲ್ಲಿ ತರಾತುರಿಯಾಗಿ ಮುಗಿಯುತ್ತವೆ, ದಾಖಲೆ ಪುಸ್ತಕ ಒಬ್ಬರನ್ನು ನೋಡಿ ಇನ್ನೊಬ್ಬರು ತುಂಬುತ್ತಾರೆ. ಮೂವತ್ತು ಅಂಕ ಹೇಗೂ ಸಿಗುತ್ತದೆ ಎಂಬ ಭರವಸೆಯಲ್ಲಿ ವಿಜ್ಞಾನದ ಅತ್ಯಂತ ಸಂತೋಷದ ಭಾಗವನ್ನೇ ಮಕ್ಕಳಿಂದ ಕಸಿದುಕೊಳ್ಳುತ್ತಿದ್ದೇವೆ.

ವ್ಯವಸ್ಥೆ ಉಳಿಸಿಕೊಳ್ಳಬೇಕಾದ ಮಾತು

ವಿದ್ಯಾರ್ಥಿ ಶಿಸ್ತಾಗಿ ಓದಬೇಕೆಂದು ಕೇಳುವ ವ್ಯವಸ್ಥೆ ತಾನೂ ಶಿಸ್ತಾಗಿರಬೇಕು. 2016ರಲ್ಲಿ ದ್ವಿತೀಯ ಪಿಯು ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡು ಬಾರಿ ಸೋರಿಕೆಯಾಯಿತು. ಮಾರ್ಚ್ 21ರಂದು ನಡೆದ ಪರೀಕ್ಷೆ ರದ್ದಾಯಿತು, ಮಾರ್ಚ್ 31ಕ್ಕೆ ನಿಗದಿಯಾದ ಮರುಪರೀಕ್ಷೆಯೂ ರದ್ದಾಗಿ, ಕೊನೆಗೆ ಏಪ್ರಿಲ್ 12ರಂದು ನಡೆಯಿತು. 2024ರ ಸಿಇಟಿಯಲ್ಲಿ ಪಠ್ಯದಿಂದ ಕೈಬಿಟ್ಟ ಭಾಗಗಳ ಪ್ರಶ್ನೆಗಳು ಬಂದು, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಹೊರಗಿಡಬೇಕಾಯಿತು. ಆ ಪ್ರಶ್ನೆಗಳ ಮುಂದೆ ಕೂತು ಗಾಬರಿಯಾದ ಮಕ್ಕಳ ನಿಮಿಷಗಳನ್ನು ಯಾರೂ ಹಿಂದಿರುಗಿಸಲಿಲ್ಲ.

ಒಳ್ಳೆಯ ಹೆಜ್ಜೆಯೂ ಇದೆ. ದ್ವಿತೀಯ ಪಿಯು ಪರೀಕ್ಷೆಯನ್ನು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಬರೆಯುವ ಅವಕಾಶವನ್ನು ರಾಜ್ಯ 2024ರಲ್ಲಿ ತಂದಿತು, ಅವುಗಳಲ್ಲಿ ಅತ್ಯುತ್ತಮ ಅಂಕವನ್ನು ಉಳಿಸಿಕೊಳ್ಳಬಹುದು. ಜ್ವರ ಬಂದ ದಿನ, ಮನೆಯಲ್ಲಿ ಸಾವಾದ ವಾರ ಒಬ್ಬರ ಇಡೀ ವರ್ಷವನ್ನು ನುಂಗುವಂತಿಲ್ಲ. ಈ ಅವಕಾಶವನ್ನು ‘ಫೇಲಾದವರ ಪರೀಕ್ಷೆ’ ಎಂದು ಕರೆಯುವ ರೂಢಿ ನಿಲ್ಲಬೇಕು.

ಮಕ್ಕಳ ಮನಸ್ಸಿನ ಮಾತನ್ನು ಕೊನೆಗೆ ತಳ್ಳುವುದು ನಮ್ಮಲ್ಲಿ ಅಭ್ಯಾಸವಾಗಿದೆ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ. ನಾಲ್ಕು ಗಂಟೆ ಮಲಗಿ ಓದಿದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಮಗುವಿಗೆ ಶಹಬ್ಬಾಸ್ ಹೇಳಬೇಡಿ, ದೀಪ ಆರಿಸಿ ಮಲಗಿಸಿ. ಊಟ ಬಿಡುವುದು, ಮಾತು ಬಿಡುವುದು, ‘ನನ್ನಿಂದ ಆಗದು’ ಎಂದು ಪದೇ ಪದೇ ಹೇಳುವುದು ಕಂಡರೆ ಪುಸ್ತಕ ಪಕ್ಕಕ್ಕಿಟ್ಟು ಜೊತೆಗೆ ಕೂರಬೇಕು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಆ ರಾಷ್ಟ್ರೀಯ ಯೋಜನೆಗೆ ಮಾರ್ಗದರ್ಶನ ಕೊಡುತ್ತಿರುವುದು ಬೆಂಗಳೂರಿನ ನಿಮ್ಹಾನ್ಸ್.

ಇನ್ನು ಆಗಬೇಕಾದದ್ದು

ಈ ಅವಲೋಕನದಿಂದ ಹೊರಡುವ ಬೇಡಿಕೆ ಚಿಕ್ಕದು, ಆದರೆ ಅದು ಪ್ರತಿ ಕಾಲೇಜನ್ನೂ ಮುಟ್ಟಬೇಕು. ಕಲಿಯುವ ವಿಧಾನವನ್ನು ಪಾಠದ ಭಾಗವಾಗಿಯೇ ಹೇಳಿಕೊಡಬೇಕು. ಪ್ರಥಮ ಪಿಯುವಿನ ಜೂನ್‌ನಲ್ಲಿ ಗಣಿತದ ಸೇತುವೆ ಪಾಠಗಳ ಜೊತೆಗೆ, ನೋಡದೆ ಬರೆಯುವುದು, ಅಂತರ ಬಿಟ್ಟು ತಿರುಗಿ ನೋಡುವುದು, ಲೆಕ್ಕಗಳನ್ನು ಬೆರೆಸುವುದು, ತಪ್ಪುಗಳ ಪುಸ್ತಕ ಇಡುವುದು ಇವನ್ನು ತರಗತಿಯಲ್ಲೇ ಮಾಡಿಸಬೇಕು. ಪ್ರತಿ ವಿಷಯದಲ್ಲೂ ವಾರಕ್ಕೊಮ್ಮೆ ಇಪ್ಪತ್ತು ನಿಮಿಷದ ಕಿರುಪರೀಕ್ಷೆ ಇರಲಿ. ಅದರ ಅಂಕ ಮನೆಗೆ ಹೋಗಬಾರದು, ಫಲಕದ ಮೇಲೂ ಬರಬಾರದು, ಹಿಂದಿನ ತಿಂಗಳ ಪಾಠದ ಎರಡು ಪ್ರಶ್ನೆ ಅದರಲ್ಲಿ ಇದ್ದೇ ತೀರಬೇಕು.

ತಂದೆತಾಯಿಗಳಿಗೂ ಒಂದು ಕೆಲಸವಿದೆ. ವಿಜ್ಞಾನ ಓದದ ತಾಯಿ ಕೂಡ ಅದನ್ನು ಮಾಡಬಲ್ಲಳು. ರಾತ್ರಿ ಊಟದ ಹೊತ್ತಿಗೆ ‘ಎಷ್ಟು ಗಂಟೆ ಓದಿದೆ’ ಎಂದು ಕೇಳುವ ಬದಲು ‘ಇವತ್ತು ಕಲಿತದ್ದನ್ನು ನನಗೆ ಹೇಳು’ ಎಂದು ಕೇಳಲಿ. ಮಗು ಎಲ್ಲಿ ತಡವರಿಸುತ್ತದೋ ಅಲ್ಲಿಂದ ಮರುದಿನದ ಓದು ಶುರುವಾಗಬೇಕು. ಇದಕ್ಕೆ ಶುಲ್ಕವಿಲ್ಲ, ಪ್ರವೇಶ ಪರೀಕ್ಷೆಯಿಲ್ಲ, ಯಾದಗಿರಿಯಲ್ಲೂ ಉಡುಪಿಯಲ್ಲೂ ಈ ವಾರದಿಂದಲೇ ಆರಂಭಿಸಬಹುದು.